ಬ್ಯಾಡ ಅಂದದ್ದು

ದಿಲ್ಲಿಯಿಂದ ಫೋನು ಬಂದಾಗ ಏಕನಾಥಮ್ಮ ಹಿತ್ತಲಿನಲ್ಲಿ ಅವ್ವನ ಎದುರು ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಬೆರಳೆಲ್ಲ ಅಂಟಾಗಿತ್ತು. ಕಿರುಬೆರಳ ತುದಿಯಿಂದ ಒತ್ತಿ, ಸ್ಪೀಕರಿಗೆ ಹಾಕಿ, ಮೊಬೈಲನ್ನು ಒರಳುಕಲ್ಲಿನ ಮೇಲೆ ಇಟ್ಟುಕೊಂಡಳು. ಮಾತಾಡಿದವಳು ವಿಮಾನ ಅಪಘಾತಗಳ ತನಿಖಾ ಕಚೇರಿಯ ಅಧಿಕಾರಿ. ತುಂಬ ಸೌಜನ್ಯದ ಇಂಗ್ಲಿಷಿನಲ್ಲಿ, ಕಾಕ್‌ಪಿಟ್ಟಿನ ಧ್ವನಿಮುದ್ರಣವನ್ನು ಬರಹಕ್ಕೆ ಇಳಿಸುವ ಕೆಲಸ ಮುಗಿಯುತ್ತ ಬಂದಿದೆಯೆಂದೂ ಒಂದೇ ಒಂದು ಪದ ಬಗೆಹರಿಯದೆ ಉಳಿದಿದೆಯೆಂದೂ ಹೇಳಿದಳು. ಆಮೇಲೆ ಆ ಪದವನ್ನು ತನಗೆ ಬಂದಂತೆ ಎರಡು ಸಲ ಅಂದು ತೋರಿಸಿದಳು.

"ಬ್ಯಾಡ್. ಬ್ಯಾಡಾ."

ಮೊದಲು ಅದನ್ನು ಇಂಗ್ಲಿಷಿನ 'ಬ್ಯಾಡ್' ಎಂದೇ ಬರೆದುಕೊಂಡಿದ್ದರಂತೆ. ಹವೆ ಕೆಟ್ಟದಾಗಿದೆ ಅನ್ನುತ್ತಿದ್ದಾಳೆ ಎಂದು ಅರ್ಥ ಮಾಡಿಕೊಂಡಿದ್ದರಂತೆ. ಕನ್ನಡ ಬಲ್ಲ ಒಬ್ಬರಿಗೆ ಕೇಳಿಸಿದಾಗ, ಇದು ಇಂಗ್ಲಿಷಲ್ಲ, ಬೇಡ ಅನ್ನುವುದನ್ನು ಚಿತ್ರದುರ್ಗದ ಕಡೆ ಹೀಗೆ ಅನ್ನುತ್ತಾರೆ ಎಂದು ತಿಳಿಯಿತಂತೆ. ದನಿ ನಿಮ್ಮದೇ, ಅದರಲ್ಲಿ ಅನುಮಾನವಿಲ್ಲ, ಆದರೆ ಏನನ್ನು ಬೇಡ ಅಂದಿರಿ ಎಂದು ಅವಳು ಕೇಳಿದಳು. ತಾನು ಆ ಹೊತ್ತಿನಲ್ಲಿ ಕನ್ನಡದಲ್ಲಿ ಮಾತಾಡಿದ್ದೇ ಏಕನಾಥಮ್ಮನಿಗೆ ಈಗ ಗೊತ್ತಾಗಿತ್ತು. ಶುಕ್ರವಾರದೊಳಗೆ ಬರವಣಿಗೆಯಲ್ಲಿ ಕಳಿಸಿ ಎಂದು ಹೇಳಿ ಅಧಿಕಾರಿ ಫೋನಿಟ್ಟಳು. ಅವತ್ತು ಸೋಮವಾರ.

ಅವ್ವ ಗಂಗಕ್ಕನಿಗೆ ಇಂಗ್ಲಿಷು ಬಾರದು. ಆದರೆ ನಡುವೆ ಬಂದ ಆ ಒಂದು ಪದ ಕಿವಿಗೆ ಬಿದ್ದಿತ್ತು. "ಅದ್ಯಾಕೆ ಆ ಯಮ್ಮ ಬ್ಯಾಡ ಬ್ಯಾಡ ಅಂತಾಳೆ?" ಎಂದು ಕೇಳಿದಳು. ಮಗಳು ಎದ್ದು ಕೈ ತೊಳೆಯಲು ಹೋದದ್ದನ್ನು ನೋಡಿ, ಬೀಜಗಳನ್ನು ಮೊರದ ಒಂದು ಬದಿಗೆ ತಳ್ಳಿದಳು.

ಅದು ನಡೆದು ಹನ್ನೆರಡು ದಿನವಾಗಿತ್ತು. ದೂರದ ಒಂದು ಊರಿನ ನಿಲ್ದಾಣದಲ್ಲಿ, ಸಂಜೆ ನಾಲ್ಕರ ಸುಮಾರಿಗೆ, ನೂರ ಎಪ್ಪತ್ತೊಂದು ಜನರನ್ನು ಹೊತ್ತ ವಿಮಾನ ರನ್‌ವೇ ಮೇಲೆ ಓಡತೊಡಗಿತ್ತು. ಎಡಗಡೆಯ ಸೀಟಿನಲ್ಲಿ ಕ್ಯಾಪ್ಟನ್ ಪಂಚಾಕ್ಷರಪ್ಪ. ವಿಮಾನ ಅವರ ಕೈಯಲ್ಲಿತ್ತು. ಬಲಗಡೆ ಸಹಪೈಲಟ್ ಏಕನಾಥಮ್ಮ. ವೇಗದ ಅಂಕಿಯನ್ನು ನೋಡುತ್ತ ಹೇಳಬೇಕಾದ್ದನ್ನು ಹೇಳುವುದು ಅವಳ ಕೆಲಸ. ಮಳೆಮೋಡ ರನ್‌ವೇಯ ಆಚೆ ಬದಿಗೆ, ದೂರದಲ್ಲೇ ಇತ್ತು. ಎದುರುಗಾಳಿಯ ವೇಗ ಹನ್ನೆರಡು ನಾಟ್ ಎಂದು ನಿಯಂತ್ರಣ ಗೋಪುರದವರು ಹೇಳಿದ್ದರು. ವೇಗ ನೂರು ದಾಟಿದಾಗ ಅವಳು "ಹಂಡ್ರೆಡ್" ಎಂದಳು. ನೂರ ಹತ್ತು, ನೂರ ಇಪ್ಪತ್ತು, ಆಮೇಲೆ ಯಾರೋ ನೂಕಿದ ಹಾಗೆ ಒಮ್ಮೆಗೇ ನೂರ ಮೂವತ್ತು. ಅಲ್ಲಿಗೆ ಅಂಕಿ ನಿಂತುಹೋಯಿತು. ಎಂಜಿನ್ನುಗಳು ಒದರುತ್ತಲೇ ಇದ್ದವು, ರನ್‌ವೇ ಕಾಲ ಕೆಳಗೆ ಹಿಂದಕ್ಕೆ ಓಡುತ್ತಲೇ ಇತ್ತು. ಅಂಕಿ ಮಾತ್ರ ಏರಲಿಲ್ಲ. ಏರುವುದು ಬಿಟ್ಟು ನೂರ ಇಪ್ಪತ್ತೇಳಕ್ಕೆ ಇಳಿಯಿತು.

ಎದುರಿನಿಂದ ಬೀಸುತ್ತಿದ್ದ ಗಾಳಿ ಕಣ್ಣು ಮಿಟುಕಿಸುವುದರೊಳಗೆ ಬೆನ್ನ ಹಿಂದಿನಿಂದ ಬೀಸತೊಡಗಿತ್ತು. ಪೈಲಟ್‌ಗಳು ಇದನ್ನು ವಿಂಡ್‌ಶಿಯರ್ ಅನ್ನುತ್ತಾರೆ. ನೆಲದ ಮೇಲೆ ನಿಂತವನಿಗೆ ಅದು ಟವೆಲು ಹಾರಿಸಿಕೊಂಡು ಹೋಗುವ ಒಂದು ಗಾಳಿ, ಅಷ್ಟೆ. ಏರಲು ಹೊರಟ ವಿಮಾನಕ್ಕೆ ಮಾತ್ರ ರೆಕ್ಕೆಯ ಕೆಳಗಿನ ಆಧಾರವನ್ನೇ ಕಿತ್ತುಕೊಂಡಂತೆ. ಅಂಥ ಹೊತ್ತಿನಲ್ಲಿ ಏನು ಮಾಡಬೇಕೆಂಬುದಕ್ಕೆ ಪುಸ್ತಕದಲ್ಲಿ ನಿಯಮವಿದೆ. ಪ್ರತಿ ಸಲವೂ ಹೊರಡುವ ಮುಂಚೆ ಒಂದು ವೇಗವನ್ನು ಲೆಕ್ಕ ಹಾಕಿಟ್ಟಿರುತ್ತಾರೆ. ಅವತ್ತು ಅದು ನೂರ ಮೂವತ್ತೆಂಟು. ಆ ವೇಗ ಮುಟ್ಟುವ ಮುಂಚೆ ಗಾಳಿ ಕೆಟ್ಟದ್ದು ಗೊತ್ತಾದರೆ ನಿಲ್ಲಿಸಬೇಕು. ಮುಟ್ಟಿದ ಮೇಲಾದರೆ ನಿಲ್ಲಿಸುವಂತಿಲ್ಲ, ಹಾರಲೇಬೇಕು. ಅವರ ವಿಮಾನ ಆ ಅಂಕಿಯನ್ನು ಇನ್ನೂ ಮುಟ್ಟಿರಲಿಲ್ಲ. ಹಾಗೆಂದು ರನ್‌ವೇಯೂ ಬಹಳ ಉಳಿದಿರಲಿಲ್ಲ.

ಆ ಗಳಿಗೆಯಲ್ಲಿ ಕ್ಯಾಪ್ಟನ್ನರ ಬಲಗೈ ಎಂಜಿನ್ನಿನ ಶಕ್ತಿ ಏರಿಳಿಸುವ ಥ್ರಾಟಲ್ ಹಿಡಿಕೆಗಳನ್ನು ಹಿಂದಕ್ಕೆ ಎಳೆಯಿತು. ಒಂದು ಸೆಕೆಂಡು ಕೂಡ ಅಲ್ಲ. ಮತ್ತೆ ಪೂರ್ತಿ ಮುಂದಕ್ಕೆ ತಳ್ಳಿತು. ರನ್‌ವೇಯ ಕೊನೆಯ ತುದಿಯಲ್ಲಿ ವಿಮಾನದ ಮೂತಿ ಎದ್ದಿತು, ಬಾಲ ನೆಲಕ್ಕೆ ಉಜ್ಜಿತು, ಚಕ್ರಗಳು ಆಚೆಯ ದೀಪದ ಕಂಬಗಳೆರಡನ್ನು ಮುರಿದುಕೊಂಡು ಹೋದವು. ಆಮೇಲಿನದೆಲ್ಲ ಅವಳಿಗೆ ಚೆನ್ನಾಗಿ ನೆನಪಿದೆ. ಯಂತ್ರದ ಹೆಂಗಸು ದನಿ ವಿಂಡ್‌ಶಿಯರ್ ಎಂದು ಮೂರು ಸಲ ಕೂಗಿದ್ದು, ಚಕ್ರವನ್ನು ಮಡಚದೆ ಹಾಗೇ ಬಿಟ್ಟದ್ದು, ನೆಲದಿಂದ ಎಷ್ಟು ಎತ್ತರವೆಂದು ತಾನು ಓದಿ ಓದಿ ಹೇಳಿದ್ದು. ನಲವತ್ತು ಅಡಿ. ನಲವತ್ತು. ಮೂವತ್ತು. ಅರವತ್ತು. ನೂರ ಐವತ್ತು. ಪಕ್ಕದ ಊರಿನಲ್ಲಿ ಇಳಿದಾಗ, ಹಿಂದೆ ಕುಳಿತಿದ್ದ ಒಬ್ಬ ಪರಿಚಾರಕಿಗೆ ಕುತ್ತಿಗೆ ಉಳುಕಿದ್ದು ಬಿಟ್ಟರೆ ಯಾರಿಗೂ ಏನೂ ಆಗಿರಲಿಲ್ಲ. ಜನ ಇಳಿದು ಹೋಗುವಾಗ ಕ್ಯಾಪ್ಟನ್ನರಿಗೆ ಕೈ ಮುಗಿದು ಹೋದರು. ನೆನಪಿಲ್ಲದ್ದು ಒಂದೇ. ನೂರ ಇಪ್ಪತ್ತೇಳಕ್ಕೂ ಹಾರಿದ್ದಕ್ಕೂ ನಡುವಿನದು.

ಫೋನು ಬಂದ ಮಾರನೆಯ ದಿನ, ಮಂಗಳವಾರ ಬೆಳಿಗ್ಗೆ, ಅವಳು ಅಪ್ಪನಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಪಾಲಯ್ಯ ಬೇರೆ ಜಿಲ್ಲೆಯ ಒಂದು ಸರ್ಕಾರಿ ಕೃಷಿ ಫಾರಂನಲ್ಲಿ ಮೂವತ್ತೊಂದು ವರ್ಷ ಮಳೆ, ಬಿಸಿಲು, ಗಾಳಿ ಅಳೆದು ಬರೆದಿಡುವ ಕೆಲಸ ಮಾಡಿ, ನಿವೃತ್ತಿಯಾದ ಮೇಲೆ ಸ್ವಂತ ಊರು ಹರಿಯಬ್ಬೆಗೆ ವಾಪಸು ಬಂದಿದ್ದ. ಅಣ್ಣತಮ್ಮಂದಿರು ಕುರಿ ಕಾಯುವವರಾಗಿ ಉಳಿದರು, ಇವನೊಬ್ಬ ಎಸ್ಸೆಸ್ಸೆಲ್ಸಿ ಪಾಸಾಗಿ ಆ ನೌಕರಿಗೆ ಸೇರಿದ್ದ. ಬೆಳಿಗ್ಗೆ ಏಳಕ್ಕೆ ಒಂದು ಸಲ, ಮಧ್ಯಾಹ್ನ ಎರಡಕ್ಕೆ ಒಂದು ಸಲ, ಬೇಲಿಯೊಳಗೆ ತಿರುಗುವ ಬಟ್ಟಲುಗಳ ಯಂತ್ರವನ್ನು ನೋಡಿ ಗಾಳಿಯ ಅಂಕಿ ಬರೆಯುತ್ತಿದ್ದ. ಚಿಕ್ಕಂದಿನಲ್ಲಿ ಮಗಳೂ ಜೊತೆಗೆ ಹೋಗುತ್ತಿದ್ದಳು. ಅವಳು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಪೈಲಟ್ ತರಬೇತಿಗೆ ಹೊರಟು ನಿಂತಾಗ ಹಟ್ಟಿಯವರೆಲ್ಲ ಹೆದರಿಸಿದರು, ಅವನೊಬ್ಬ ಹೆದರಲಿಲ್ಲ.

ಪಾಲಯ್ಯ ನಿಧಾನಕ್ಕೆ ಕೇಳಿಸಿಕೊಂಡ. ಎರಡು ಅರ್ಥ ಅಂತೀಯಲ್ಲ, ಅವು ಯಾವುವು ಎಂದು ಕೇಳಿದ. ಹಾರುವುದು ಬೇಡ ಎಂದು ಅಂದಿರಬಹುದು, ನಿಲ್ಲಿಸುವುದು ಬೇಡ ಎಂದು ಅಂದಿರಬಹುದು ಎಂದಳು. ಹಾರುವುದು ಬೇಡ ಅಂದಿದ್ದರೆ ಅವಳು ನಿಯಮದಂತೆ ಸರಿಯಾಗಿ ಎಚ್ಚರಿಸಿದ್ದಳು, ಕ್ಯಾಪ್ಟನ್ ಕೇಳದೆ ಹೋದರು. ತಪ್ಪು ಪೂರ್ತಿ ಅವರದು. ನಿಲ್ಲಿಸುವುದು ಬೇಡ ಅಂದಿದ್ದರೆ, ನಿಯಮದಂತೆ ನಿಲ್ಲಿಸಲು ಹೊರಟವರನ್ನು ಅವಳೇ ತಡೆದಳು. ಆಗ ಅವಳ ಲೈಸೆನ್ಸಿಗೂ ಕುತ್ತು.

"ನಿನಗೆ ಯಾವುದು ಅನ್ನಿಸ್ತೈತೆ?" ಎಂದ ಪಾಲಯ್ಯ.

"ಎರಡೂ ಅನ್ನಿಸ್ತೈತೆ ಅಪ್ಪ. ಇದು ಅಂದ್ಕಂಡ್ರೆ ಇದೇ ಸರಿ ಅನ್ನಿಸ್ತೈತೆ, ಅದು ಅಂದ್ಕಂಡ್ರೆ ಅದು."

ಆಗ ಅವನು ಹಿಂದೆಂದೂ ಹೇಳಿರದ ಒಂದು ವಿಷಯ ಹೇಳಿದ. ಒಂದು ಆಷಾಢದಲ್ಲಿ ಗಾಳಿಯ ಯಂತ್ರದ ಬಟ್ಟಲು ಸಿಕ್ಕಿಕೊಂಡು ಒಂಬತ್ತು ದಿನ ತಿರುಗಿರಲಿಲ್ಲವಂತೆ. ಆ ಒಂಬತ್ತು ದಿನದ ಖಾನೆಗಳನ್ನು ಅವನು ಖಾಲಿ ಬಿಟ್ಟು ಕಳಿಸಿದ. ಮೇಲಿನವರು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ತಿರುಗಿ ಕಳಿಸಿದರು. ಅವನು ಮರದ ಕೊಂಬೆ ಎಷ್ಟು ಬಾಗಿತ್ತು, ಅಂಗಳದ ಕಸ ಎಲ್ಲಿಗೆ ಹಾರಿತ್ತು ಎಂಬುದನ್ನೆಲ್ಲ ನೆನಪು ಮಾಡಿಕೊಂಡು ಒಂಬತ್ತು ಅಂಕಿ ಬರೆದು ತುಂಬಿದ. ಕಾಗದ ಒಪ್ಪಿತವಾಯಿತು. ಕೆಲವು ವರ್ಷದ ಮೇಲೆ ಯಾರೋ ವಿಜ್ಞಾನಿಗಳು ಬಂದು ಆ ವರ್ಷದ ಅಂಕಿಗಳನ್ನೇ ಬರೆದುಕೊಂಡು ಹೋದರು. ಯಾರಿಗೂ ಏನೂ ಆಗಲಿಲ್ಲ.

"ಖಾಲಿ ಬಿಟ್ರೆ ಯಾರೂ ಒಪ್ಪಲ್ಲ ಕಣವ್ವ," ಎಂದ. "ಏನಾರ ಒಂದು ತುಂಬಬೇಕು. ನಿನಗೆ ಒಳ್ಳೇದಾಗಾದು ತುಂಬು."

ಅಪ್ಪ ಹೀಗೆ ಹೇಳಿಯಾನು ಎಂದು ಅವಳು ಎಣಿಸಿರಲಿಲ್ಲ. ಬೆಳಗಿನ ಏಳು ಗಂಟೆಗೆ ಒಂದು ನಿಮಿಷ ಆಚೀಚೆ ಆಗದ ಮನುಷ್ಯ ಅವನು. ಜ್ವರ ಬಂದರೂ ಛತ್ರಿ ಹಿಡಿದುಕೊಂಡು ಹೋಗಿ ಅಂಕಿ ನೋಡಿದ್ದವನು. ಆ ಒಂಬತ್ತು ಅಂಕಿ ಸುಳ್ಳೇ ಎಂದು ಕೇಳಬೇಕೆನ್ನಿಸಿತು. ಸುಳ್ಳೆಂದು ಹೇಗೆ ಅನ್ನುವುದು, ಅವನು ಕೊಂಬೆಯನ್ನು ನೋಡಿಯೇ ಇದ್ದನಲ್ಲ ಎಂದೂ ಅನ್ನಿಸಿತು. ದಿನವೆಲ್ಲ ಊರ ಹೊರಗಿನ ಕುರಿಹಟ್ಟಿಯ ಕಡೆಗೆ, ಕೆರೆ ಏರಿಯ ಕಡೆಗೆ ಸುತ್ತಾಡಿದಳು. ಜನ ಆ ಪದವನ್ನು ಅನ್ನುವುದನ್ನೇ ಕಿವಿಗೊಟ್ಟು ಕೇಳಿದಳು. ಬೇಲಿಗೆ ಬಾಯಿ ಹಾಕಿದ ಮೇಕೆಗೆ ಒಬ್ಬಳು ಬ್ಯಾಡ ಅಂದಳು, ಅದರ ಅರ್ಥ ನಿಲ್ಲು. ಹೊರಟು ನಿಂತ ಟ್ರ್ಯಾಕ್ಟರಿನವನು ಇಳಿಯಲು ಹೋದಾಗ ಇನ್ನೊಬ್ಬ ಬ್ಯಾಡ ಅಂದ, ಅದರ ಅರ್ಥ ಹೋಗು. ದನಿ ಎರಡಕ್ಕೂ ಒಂದೇ ಇತ್ತು.

ಬುಧವಾರ ಮಧ್ಯಾಹ್ನ ಮನೆ ಮುಂದೆ ಬಿಳಿ ಕಾರು ನಿಂತಿತು. ಇಳಿದವರು ಪಂಚಾಕ್ಷರಪ್ಪ. ಯೂನಿಫಾರಂ ಇಲ್ಲದೆ ಅವರನ್ನು ಅವಳು ನೋಡಿದ್ದು ಅದೇ ಮೊದಲು. ಬಿಳಿ ಶರ್ಟು, ಚಪ್ಪಲಿ, ಹಣೆಯ ಮೇಲೆ ಬೆವರಿಗೆ ಅರ್ಧ ಕರಗಿದ ವಿಭೂತಿ. ಹೊಳಲ್ಕೆರೆ ತಾಲ್ಲೂಕಿನ ತಾಳ್ಯದವರು ಅವರು. ಇಬ್ಬರೂ ಒಂದೇ ಜಿಲ್ಲೆಯವರೆಂದು ಒಮ್ಮೆ ಹೋಟೆಲಿನ ವ್ಯಾನಿನಲ್ಲಿ ಗೊತ್ತಾಗಿತ್ತು. ಹಾಗೆಂದು ಕಾಕ್‌ಪಿಟ್ಟಿನಲ್ಲಿ ಅವರು ಇಂಗ್ಲಿಷು ಬಿಟ್ಟು ಒಂದು ಮಾತೂ ಆಡುತ್ತಿರಲಿಲ್ಲ, ಆಡಗೊಡುತ್ತಲೂ ಇರಲಿಲ್ಲ. ತಾಳ್ಯದಲ್ಲಿ ಅಕ್ಕ ಬಸಮ್ಮನನ್ನು ನೋಡಲು ಹೊರಟೆ, ಹಾದಿಯಲ್ಲೇ ಇತ್ತು ಎಂದು ಬಂದೆ ಎಂದರು. ಬೆಂಗಳೂರಿನಿಂದ ತಾಳ್ಯಕ್ಕೆ ಹೋಗುವವರಿಗೆ ಹರಿಯಬ್ಬೆ ಯಾವ ಹಾದಿಯೂ ಅಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. "ಬರ್ರಿ, ಕುಂತ್ಕಳ್ರಿ," ಎಂದು ಗಂಗಕ್ಕ ಚಾಪೆ ಬಿಡಿಸಿ, ಮಂಡಕ್ಕಿ ಕಲಸಿ ತಂದಿಟ್ಟಳು. ಪಾಲಯ್ಯ ಎರಡು ಮಾತಾಡಿ, ಏನೋ ಕೆಲಸದ ನೆಪ ಹೇಳಿ ಎದ್ದುಹೋದ.

ತಿಂದ ಶಾಸ್ತ್ರ ಮಾಡಿ ಅವರು ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತರು. ಏಕನಾಥಮ್ಮ ಹಿಂದೆಯೇ ಬಂದಳು.

"ನೀನು ಏನು ಬರೀಬೇಕು ಅಂತ ಹೇಳಾಕೆ ನಾನು ಬಂದಿಲ್ಲ," ಎಂದರು. "ಹೇಳಲೂಬಾರದು. ನನಗೆ ಒಂದು ಗೊತ್ತಾಗಬೇಕಾಗೈತೆ, ಅಷ್ಟೆ. ನೀನು ಬ್ಯಾಡ ಅಂದಾಗ ನನ್ನ ಕೈ ಎಲ್ಲಿತ್ತು?"

"ನಾನು ನೋಡ್ಲಿಲ್ಲ ಸಾರ್. ಸ್ಪೀಡ್ ನೋಡ್ತಿದ್ದೆ."

ಅವರು ತಲೆಯಾಡಿಸಿದರು. ಅವಳು ನೋಡಬೇಕಾದ್ದೂ ಅದನ್ನೇ ತಾನೆ ಎಂದರು. ಆಮೇಲೆ ತನಿಖೆಯವರು ತಮಗೆ ಹೇಳಿದ್ದನ್ನು ವಿವರಿಸಿದರು. ಮಾತು ದಾಖಲಾಗುವುದು ಒಂದು ಪೆಟ್ಟಿಗೆಯಲ್ಲಿ, ಕೈ ಆಡಿದ್ದು ದಾಖಲಾಗುವುದು ಇನ್ನೊಂದರಲ್ಲಿ. ಎರಡರ ಗಡಿಯಾರಗಳಿಗೂ ಒಂದು ಸೆಕೆಂಡಿನಷ್ಟು ಹೊಂದಿಕೆ ತಪ್ಪಿದೆ. ಕೈ ಹಿಂದಕ್ಕೆ ಹೋಗಿ ಮುಂದಕ್ಕೆ ಬಂದದ್ದೂ ಒಂದು ಸೆಕೆಂಡಿನೊಳಗೆ. ಹೀಗಾಗಿ ಮಾತು ಮೊದಲೋ ಕೈ ಮೊದಲೋ ಎಂಬುದನ್ನು ಯಾರೂ ಹೇಳಲಾರರು. ಮಾತು ಮೊದಲಾಗಿದ್ದರೆ, ಅದನ್ನು ಕೇಳಿ ಅವರು ನಿಲ್ಲಿಸಲು ಹೋದರು, ಆಮೇಲೆ ತಾವೇ ಮನಸ್ಸು ಬದಲಿಸಿ ಹಾರಿದರು. ಕೈ ಮೊದಲಾಗಿದ್ದರೆ, ತಾವೇ ನಿಲ್ಲಿಸಲು ಹೋದರು, ಅವಳ ಮಾತು ಕೇಳಿ ಹಾರಿದರು.

ಅವರಿಗೇ ಯಾವುದು ನೆನಪಿದೆ ಎಂದು ಅವಳು ಕೇಳಿದಳು. ಅವರು ಮರದ ತೊಗಟೆಯನ್ನು ಉಗುರಿನಿಂದ ಕೆರೆದರು.

"ಮೂವತ್ತನಾಲ್ಕು ವರ್ಷ ಹಾರಿಸೀನಿ. ಆ ಕುರ್ಚಿಯಾಗೆ ಕುಂತಾಗ ನಮ್ಮೂರ ಮಾತು ಕಿವಿಗೆ ಬಿದ್ದಿದ್ದು ಅದೇ ಮೊದಲು. ನಿನ್ನ ದನಿ ಅನ್ನಿಸ್ಲೇ ಇಲ್ಲ. ಬಾವಿ ಕಟ್ಟೆ ಹತ್ರ ನಮ್ಮಕ್ಕ ಕೂಗಿದಂಗೆ ಆತು. ಕೈ ನಿಂತ್ಕಂತು. ಎಲ್ಲಿ ನಿಂತ್ಕಂತು ಅನ್ನಾದೇ ಗೊತ್ತಿಲ್ಲ."

ಇಷ್ಟು ಹೇಳುವಾಗ ಅವರ ಬಲಗೈ ತಾನಾಗಿ ಮುಂದಕ್ಕೆ ಚಾಚಿಕೊಂಡಿದ್ದನ್ನು ಅವಳು ನೋಡಿದಳು. ಅವರೂ ನೋಡಿಕೊಂಡು ಜೇಬಿಗೆ ಇಳಿಬಿಟ್ಟರು. ಅವರ ಬಗ್ಗೆ ಕಂಪನಿಯಲ್ಲಿ ಎಲ್ಲರೂ ಹೇಳುತ್ತಿದ್ದ ಮಾತೆಂದರೆ, ಪಂಚಾಕ್ಷರಪ್ಪನವರ ಕೈ ಎರಡು ಸಲ ಯೋಚಿಸುವುದಿಲ್ಲ ಎಂಬುದು. ಹೊಸಬರನ್ನು ಅವರ ಜೊತೆಗೆ ಹಾಕಿ ಕಲಿಸುತ್ತಿದ್ದರು. ಆ ಮನುಷ್ಯ ಈಗ ಇಪ್ಪತ್ತೊಂಬತ್ತರ ಸಹಪೈಲಟ್ಟಿನ ಮನೆಗೆ ಬಂದು ತಮ್ಮ ಕೈ ಎಲ್ಲಿತ್ತು ಎಂದು ಕೇಳುತ್ತಿದ್ದರು.

ಹೊರಡುವಾಗ ಕಾರಿನ ಬಾಗಿಲು ಹಿಡಿದುಕೊಂಡು ಅವರು ಮತ್ತೆ ನಿಂತರು. "ಹಾರಾದು ಬ್ಯಾಡ ಅಂದೆ ಅಂತ ಬರಿ," ಎಂದರು. "ನನಗೆ ಇನ್ನು ಎಂಟು ತಿಂಗಳು ನೌಕರಿ. ನಿನಗೆ ಮೂವತ್ತು ವರ್ಷ ಐತೆ."

ಅವಳಿಗೆ ಎಲ್ಲಿಂದಲೋ ಸಿಟ್ಟು ಬಂತು. ಹೇಳಲು ಬಂದಿಲ್ಲ ಎಂದವರು ಹೇಳಿಯೇ ಹೋಗುತ್ತಿದ್ದಾರೆ. "ನಿಮಗೆ ಹಂಗೇ ಕೇಳಿಸ್ತಾ ಸಾರ್?" ಎಂದಳು.

ಅವರು ಮನೆಯೊಳಗಿನ ಗಂಗಕ್ಕನಿಗೆ ಕೈ ಮುಗಿದು ಕಾರು ಹತ್ತಿದರು. ಕಾರು ತಿರುವಿನಲ್ಲಿ ಮರೆಯಾದ ಮೇಲೂ ಅವಳು ಅಲ್ಲೇ ನಿಂತಿದ್ದಳು. ಅವರು ತನ್ನನ್ನು ಉಳಿಸಲು ಹಾಗೆ ಅಂದರೋ, ಅಥವಾ ಅದೇ ನಿಜವೆಂದು ಅವರಿಗೆ ಗೊತ್ತಿದ್ದು ಬಾಯಿಬಿಟ್ಟು ಒಪ್ಪಿಕೊಳ್ಳಲಾರದೆ ಹೀಗೆ ಸುತ್ತಿ ಅಂದರೋ ತಿಳಿಯಲಿಲ್ಲ. ಮೊದಲಿನದಾದರೆ ಅವರ ಮಾತು ಕೇಳುವುದು ಅನ್ಯಾಯ. ಎರಡನೆಯದಾದರೆ ಕೇಳದಿರುವುದು ತಪ್ಪು.

ಗಂಗಕ್ಕನಿಗೆ ಇದರಲ್ಲಿ ಗೊಂದಲವೇ ಕಾಣಲಿಲ್ಲ. ದೊಡ್ಡವರು ಮನೆ ತನಕ ಬಂದು ಹೇಳಿ ಹೋದ ಮೇಲೆ ಇನ್ನೇನು, ಹಾಗೇ ಬರೆದು ಕೈ ತೊಳೆದುಕೊ ಎಂದಳು. ಮಗಳು ಮತ್ತೆ ಮತ್ತೆ ಅದನ್ನೇ ಹಿಡಿದು ಕುಳಿತದ್ದಕ್ಕೆ ರೇಗಿ, ನೂರ ಎಪ್ಪತ್ತು ಜನ ಬದುಕಿದ್ದಾರೆ, ಹಾಳಾದ್ದು ಒಂದು ಮಾತನ್ನು ಕಟ್ಟಿಕೊಂಡು ಯಾಕೆ ಒದ್ದಾಡುತ್ತೀ ಎಂದಳು. ಅವಳು ಹೇಳಿದ್ದರಲ್ಲೂ ತಪ್ಪೇನಿರಲಿಲ್ಲ.

ಗುರುವಾರ ಬೆಳಿಗ್ಗೆ ಏಕನಾಥಮ್ಮ ಲ್ಯಾಪ್‌ಟಾಪು ಬಿಚ್ಚಿಕೊಂಡು ಪಡಸಾಲೆಯಲ್ಲಿ ಕುಳಿತಳು. ಹಾರುವುದು ಬೇಡ ಎಂಬ ಅರ್ಥದಲ್ಲಿ ಅಂದೆ ಎಂದು ಒಂದು ಪುಟ ಬರೆದಳು. ಅಂಕಿ ಇಳಿದದ್ದನ್ನು ಕಂಡೆ, ಎಚ್ಚರಿಸಿದೆ, ಗಾಬರಿಯಲ್ಲಿ ತಾಯ್ನುಡಿ ಬಾಯಿಗೆ ಬಂತು. ಓದಿದಾಗ ಅದು ಪೂರ್ತಿ ನಿಜವೆನ್ನಿಸಿತು. ಕಣ್ಣು ಮುಚ್ಚಿದರೆ ಮುಂದಿನ ರನ್‌ವೇ, ಆಚೆಯ ಬೂದು ಮಳೆ ಕಂಡು, ಅದರೊಳಕ್ಕೆ ಹೋಗುವುದು ಬೇಡ ಎಂದು ಎದೆಯೊಳಗೆ ಕೂಗಿದ್ದೂ ನೆನಪಿಗೆ ಬಂತು. ಆಮೇಲೆ ಇನ್ನೊಂದು ಪುಟ ಬರೆದಳು. ಎಂಜಿನ್ನಿನ ಸದ್ದು ಸಟ್ಟನೆ ಕುಗ್ಗಿತು, ಬೆನ್ನಿಗೆ ಒತ್ತಿದ್ದ ಸೀಟು ಸಡಿಲವಾಯಿತು, ಇಷ್ಟು ವೇಗದಲ್ಲಿ ಇಷ್ಟೇ ಜಾಗದಲ್ಲಿ ನಿಲ್ಲುವುದಿಲ್ಲ ಎಂದು ತಿಳಿದು ಬ್ಯಾಡ ಅಂದೆ. ಓದಿದಾಗ ಅದೂ ಅಷ್ಟೇ ನಿಜವಾಗಿತ್ತು. ಬೆನ್ನ ಹಿಂದೆ ಸೀಟು ಸಡಿಲವಾದದ್ದು ಈಗಲೂ ಮೈಗೆ ತಿಳಿಯಿತು. ಯಾವ ನೆನಪು ಮೊದಲಿನಿಂದ ಇದ್ದದ್ದು, ಯಾವುದು ಈಗ ಬರೆದದ್ದರಿಂದ ಹುಟ್ಟಿದ್ದು ಎಂದು ಎಷ್ಟು ಹೊತ್ತು ಕುಳಿತರೂ ಬೇರ್ಪಡಿಸಲು ಆಗಲಿಲ್ಲ.

ಊಟಕ್ಕೆ ಕರೆದಾಗ ಹೋದಳು, ಮುದ್ದೆ ಮುರಿದುಕೊಂಡು ಸುಮ್ಮನೆ ಕುಳಿತಿದ್ದಳು. ಪಾಲಯ್ಯ ಒಂದು ಸಲ ಅವಳ ಮುಖ ನೋಡಿ ಬರೆದೆಯಾ ಎಂದು ಕೇಳಿದ. ಎರಡು ಬರೆದೆ ಎಂದಳು.

ಶುಕ್ರವಾರ ಹನ್ನೊಂದು ಗಂಟೆಗೆ ಅವಳು ಎರಡೂ ಪುಟಗಳನ್ನು ಅಳಿಸಿ ಮೂರೇ ವಾಕ್ಯ ಬರೆದಳು. ಆ ಪದ ನಾನು ಅಂದದ್ದು. ಅದರ ಅರ್ಥ ಬೇಡ. ಏನು ಬೇಡ ಅಂದೆನೋ ನನಗೆ ಗೊತ್ತಿಲ್ಲ. ಮನೆಯಲ್ಲಿ ನೆಟ್ಟು ಸಿಗದೆ, ಕೆರೆ ಏರಿಯ ಮೇಲೆ ಹೋಗಿ ನಿಂತು ಕಳಿಸಿದಳು. ಕಳಿಸಿದ ಮೇಲೆ ಹಗುರಾದೀತು ಎಂದುಕೊಂಡಿದ್ದಳು. ಆಗಲಿಲ್ಲ. ಗೊತ್ತಿಲ್ಲ ಅಂದದ್ದು ನಿಜವಾಗಿ ಗೊತ್ತಿಲ್ಲದ್ದಕ್ಕೋ, ಎರಡರಲ್ಲಿ ಒಂದನ್ನು ಹೇಳುವ ಧೈರ್ಯವಿಲ್ಲದ್ದಕ್ಕೋ ಎಂಬ ಹೊಸದೊಂದು ಹುಳ ತಲೆಗೆ ಹೊಕ್ಕಿತು.

ಸಂಜೆಗೆ ಮುಂಚೆಯೇ ದಿಲ್ಲಿಯಿಂದ ಫೋನು ಬಂತು. ಅಧಿಕಾರಿಯ ದನಿಯಲ್ಲಿ ಸೌಜನ್ಯ ಕಡಿಮೆಯಾಗಿತ್ತು. ನೀವು ತರಬೇತಿ ಪಡೆದ ಪೈಲಟ್, ಗೊತ್ತಿಲ್ಲ ಎಂಬುದು ಉತ್ತರವಲ್ಲ, ಇದರಿಂದ ಇಬ್ಬರಿಗೂ ತೊಂದರೆಯಾಗುತ್ತದೆ, ಇನ್ನೊಂದು ದಿನ ಯೋಚಿಸಿ ಎಂದಳು. ಏಕನಾಥಮ್ಮ ಯೋಚಿಸಿಯೇ ಬರೆದದ್ದು ಎಂದಳು. ಇನ್ನು ಎಷ್ಟು ಯೋಚಿಸಿದರೂ ಹೊಸ ಹೊಸ ನೆನಪು ಹುಟ್ಟುತ್ತವೆಯೇ ಹೊರತು ಹಳೆಯದು ಸಿಗುವುದಿಲ್ಲ ಎಂದೂ ಹೇಳಿದಳು.

ವರದಿ ಬರಲು ಐದು ತಿಂಗಳು ಹಿಡಿಯಿತು. ಆ ಪದದ ಮುಂದೆ 'ಅರ್ಥ ಖಚಿತವಿಲ್ಲ' ಎಂದು ಬರೆದಿದ್ದರು. ನಿಯಮದಂತೆ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ ಎಂದು ಕ್ಯಾಪ್ಟನ್ನರ ಲೈಸೆನ್ಸನ್ನು ಆರು ತಿಂಗಳು ತಡೆಹಿಡಿದರು. ಅವರ ನೌಕರಿ ಅದಕ್ಕೂ ಮುಂಚೆಯೇ ಮುಗಿಯುತ್ತಿದ್ದದ್ದರಿಂದ ಅವರು ಮತ್ತೆ ಆ ಸೀಟಿಗೆ ಹೋಗಲೇ ಇಲ್ಲ. ಗೊತ್ತುಪಡಿಸಿದ ಮಾತುಗಳನ್ನು ಬಿಟ್ಟು ಬೇರೆ ಮಾತು ಆಡಿದ್ದಕ್ಕೆ ಅವಳಿಗೆ ಎರಡು ತಿಂಗಳು ತಡೆ, ಮರುತರಬೇತಿ.

ತರಬೇತಿಯ ಕೋಣೆಯಲ್ಲಿ, ನೆಲಕ್ಕೆ ಬಿಗಿದ ನಕಲಿ ಕಾಕ್‌ಪಿಟ್ಟಿನಲ್ಲಿ, ಅವತ್ತಿನದೇ ಗಾಳಿ, ಅವತ್ತಿನದೇ ಭಾರ, ಅವತ್ತಿನದೇ ರನ್‌ವೇ ಹಾಕಿ ಅವಳನ್ನು ಹನ್ನೊಂದು ಸಲ ಹೊರಡಿಸಿದರು. ನಿಯಮದಂತೆ ನಿಲ್ಲಿಸಿದಾಗಲೆಲ್ಲ ವಿಮಾನ ರನ್‌ವೇ ದಾಟಿ ಇನ್ನೂರು ಮೀಟರು ಆಚೆಯ ಹಳ್ಳಕ್ಕೆ ಹೋಯಿತು. ನಿಲ್ಲಿಸದೆ ಹೋದಾಗ ಕೆಲವು ಸಲ ಹಾರಿತು, ಕೆಲವು ಸಲ ಹಾರಲಿಲ್ಲ. ಹಾಗಾದರೆ ಸರಿ ಯಾವುದು ಎಂದು ತರಬೇತುದಾರನನ್ನು ಕೇಳಿದಳು. ಅವನು ಪರದೆಯ ಮೇಲಿನ ಹಳ್ಳವನ್ನು ಒಮ್ಮೆ ನೋಡಿ, ಸರಿಯಾದದ್ದು ನಿಲ್ಲಿಸುವುದು ಎಂದ. ಹನ್ನೊಂದು ಸಲದಲ್ಲಿ ಒಮ್ಮೆಯೂ ಅವಳ ಬಾಯಿಂದ ಕನ್ನಡದ ಮಾತು ಬರಲಿಲ್ಲ. ಬಂದಿದ್ದರೆ ಆಗಲಾದರೂ ತಿಳಿಯುತ್ತಿತ್ತೇನೋ ಎಂದು ಪ್ರತಿ ಸಲವೂ ಕಾದಿದ್ದಳು.

ಮತ್ತೆ ಹಾರಾಟಕ್ಕೆ ಹೋಗುವ ವಾರ ಅವಳು ತಾಳ್ಯಕ್ಕೆ ಹೋದಳು. ಹೊಳಲ್ಕೆರೆಯಲ್ಲಿ ಬಸ್ಸಿಳಿದು ಆಟೋ ಹಿಡಿದು ಬಸಮ್ಮನ ಮನೆ ಕೇಳಿಕೊಂಡು ಹೋದಾಗ ಪಂಚಾಕ್ಷರಪ್ಪ ಅಂಗಳದಲ್ಲಿ ನೀರಿನ ಪಂಪನ್ನು ಬಿಚ್ಚಿ ಹಾಕಿಕೊಂಡು ಕುಳಿತಿದ್ದರು. ಅವಳನ್ನು ಕಂಡು ಎಣ್ಣೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಎದ್ದರು. ಬೆಂಗಳೂರಿನ ಮನೆಯನ್ನು ಮಕ್ಕಳಿಗೆ ಬಿಟ್ಟು, ಹೆಂಡತಿಯೂ ಒಪ್ಪಿ, ತಿಂಗಳಲ್ಲಿ ಹದಿನೈದು ದಿನ ಇಲ್ಲೇ ಇರುತ್ತೇವೆ ಎಂದರು. ಯಾವ ವಿಮಾನ, ಯಾವ ಊರು, ಜೊತೆಗೆ ಯಾರು ಎಂದು ವಿಚಾರಿಸಿದರು. ಅವಳು ಹನ್ನೊಂದು ಸಲದ ವಿಷಯ ಹೇಳಿದಳು. ಹಳ್ಳದ ವಿಷಯವನ್ನೂ ಹೇಳಿದಳು. ಅವರು ಕೇಳಿಸಿಕೊಂಡು, ಹಾರಿದ್ದು ಎಷ್ಟು ಸಲ ಎಂದು ಮಾತ್ರ ಕೇಳಿದರು. ನಾಲ್ಕು ಎಂದಳು. ಅವರು ಹೂಂ ಎಂದರು.

ಆ ಮೂರು ವಾಕ್ಯಗಳನ್ನು ಅವರು ವರದಿಯಲ್ಲಿ ಓದಿಯೇ ಇರುತ್ತಾರೆ. ಅದರ ಬಗ್ಗೆ ಅವರಾಗಿ ಏನಾದರೂ ಅಂದಾರು ಎಂದು ಅವಳು ಕಾದಳು.

ಅಷ್ಟರಲ್ಲಿ ಬಸಮ್ಮ ಒಳಗಿನಿಂದ ಮಜ್ಜಿಗೆಯ ತಂಬಿಗೆ ಹಿಡಿದುಕೊಂಡು ಬಂದಳು. ಎಪ್ಪತ್ತು ದಾಟಿದ ಹೆಂಗಸು, ಎರಡೂ ಕಣ್ಣಿಗೆ ಪೊರೆ. ಬಾಗಿಲ ಚೌಕಟ್ಟು ಮುಟ್ಟಿಕೊಂಡು, ಗೋಡೆ ಮುಟ್ಟಿಕೊಂಡು ಬಂದು, ಇಬ್ಬರ ಲೋಟಕ್ಕೂ ಬಗ್ಗಿಸಿದಳು. ಅವರು ಕುಡಿದಿಟ್ಟ ಸದ್ದು ಕೇಳಿ ತಮ್ಮನ ಲೋಟದ ಕಡೆಗೆ ಮತ್ತೆ ತಂಬಿಗೆ ವಾಲಿಸಿದಳು. ಪಂಚಾಕ್ಷರಪ್ಪ ಬ್ಯಾಡ ಅನ್ನದೆ ಲೋಟದ ಬಾಯಿಗೆ ಬಲಗೈ ಅಡ್ಡ ಹಿಡಿದರು. ಬಸಮ್ಮನಿಗೆ ಕಾಣಲಿಲ್ಲ. ಮಜ್ಜಿಗೆ ಅವರ ಬೆರಳುಗಳ ಮೇಲೆ, ಉಗುರಿನ ಕರಿ ಎಣ್ಣೆಯ ಮೇಲೆ ಸುರಿದು ಅಂಗಳಕ್ಕೆ ಇಳಿಯತೊಡಗಿತು. ಅವರು ಕೈ ತೆಗೆಯಲಿಲ್ಲ. ತಂಬಿಗೆ ಖಾಲಿಯಾಗುವವರೆಗೂ ಹಾಗೇ ಹಿಡಿದುಕೊಂಡು ಕುಳಿತಿದ್ದರು.